ಬಿಳಿ ಕಲ್ಲುಗಳ ಬೆಂಚು

ಗ್ಲಾನ್‌ಶೀರಾ, ಕೆರ್ರಿ
ಶನಿವಾರ, ಮೇ ೨೭, ೨೦೨೩

ಪ್ರೀತಿಯ ಅಜ್ಜಾ,

‘ಪ್ರೀತಿಯ’ ಎಂದು ಬರೆಯುವ ಮೊದಲು ಪೆನ್ನು ಕೆಳಗಿಟ್ಟು ಕೋಳಿಗಳಿಗೆ ಕಾಳು ಹಾಕಿ ಬಂದೆ. ಆಮೇಲೆ ಬರೆದೆ. ಸುಳ್ಳಲ್ಲ ಅಂತ ಬರೆದೆ, ಅಷ್ಟೆ. ಸೊಂಟ ಹೇಗಿದೆ? ಹೊಸ ಮಾತ್ರೆಗೆ ನಿದ್ದೆ ಬರುತ್ತಿದೆಯೋ, ಇಲ್ಲ ಪಕ್ಕದ ಹಾಸಿಗೆಯವನ ಗೊರಕೆಗೆ ಬೈಯುತ್ತಲೇ ಬೆಳಗು ಮಾಡುತ್ತೀಯೋ? ಅಲ್ಲಿ ದಿನಾ ಅದೇ ನೀರು ಸೂಪು ಕೊಟ್ಟರೆ ಬಾಯಿಬಿಟ್ಟು ಹೇಳು, ನಾನು ಬಂದು ಅಡುಗೆಯವರನ್ನು ವಿಚಾರಿಸಿಕೊಳ್ಳುತ್ತೇನೆ. ಬಾಯಿ ಬಿಡುವುದು ನಿನಗೆ ಹುಟ್ಟಿನಿಂದಲೇ ಬಂದಿಲ್ಲ, ಗೊತ್ತು. ಇವತ್ತಿನ ಪತ್ರವೂ ಅದರ ಬಗ್ಗೆಯೇ. ನಿನ್ನ ಕಣ್ಣು ಮಂಜು, ಇದನ್ನು ಓದಿ ಹೇಳುವುದು ಆ ಎತ್ತರದ ನರ್ಸಕ್ಕ. ನರ್ಸಕ್ಕಾ, ನಿಮಗೊಂದು ಮಾತು: ಬೈಗುಳ ಬಂದಲ್ಲಿ ಹಾರಿಸಬೇಡಿ. ಮುದುಕ ನಿದ್ದೆ ಬಂದವನ ಹಾಗೆ ನಟಿಸಿದರೆ ಭುಜ ಅಲುಗಿಸಿ ಮತ್ತೆ ಓದಿ.

ಮನೆ ಚೆನ್ನಾಗಿದೆ. ಕೋಳಿಗಳು ನನಗಿಂತ ಸುಖವಾಗಿವೆ. ಏಡಿ ಫ್ಯಾಕ್ಟರಿಯಲ್ಲಿ ಇನ್ನೂ ನನ್ನನ್ನು ಓಡಿಸಿಲ್ಲ.

ಇನ್ನು ಸುದ್ದಿ. ಅಜ್ಜಿ ಸತ್ತು ಹತ್ತು ವರ್ಷವಾಯಿತಲ್ಲ, ಊರಿಗೆ ಅವಳ ನೆನಪು ಜೋರಾಗಿ ಬಂದಿದೆ. ‘ಗೋಬ್ನೆಟ್ ಡೆವೇನ್ ಆಲೂಗಡ್ಡೆ ಸೀಯಿಸಿ ಪದ್ಯ ಗೀಚ್ತಾಳೆ’ ಎಂದು ಅಂಗಡಿ ಮುಂದೆ ನಗುತ್ತಿದ್ದ ಬಾಯಿಗಳೇ ಈಗ ‘ನಮ್ಮ ಗೋಬ್ನೆಟ್’ ಅನ್ನುತ್ತವೆ. ಅವಳ ಮುಖ ಅಚ್ಚು ಹಾಕಿದ ಚಹಾ ಕಪ್ಪು ಬಂದಿದೆ. ಅಜ್ಜಿ ನೋಡಿದ್ದರೆ ಅದರಲ್ಲಿ ಕೋಳಿಗೆ ನೀರಿಡುತ್ತಿದ್ದಳು. ಧಕ್ಕೆಯ ಪಕ್ಕ, ದೋಣಿಗಳು ಕಾಣುವ ಜಾಗದಲ್ಲಿ, ಅವಳ ಹೆಸರಲ್ಲಿ ಒಂದು ಕಲ್ಲಿನ ಬೆಂಚು ಕಟ್ಟಿಸಿದ್ದಾರೆ. ನಾಳೆಯಲ್ಲ, ಮುಂದಿನ ವಾರದ ಭಾನುವಾರ ಮಂತ್ರಿ ಬಂದು ಪರದೆ ಎಳೆಯುತ್ತಾರಂತೆ. ಇದಕ್ಕೆಲ್ಲ ಅಧ್ಯಕ್ಷರು ಫಿನ್ಬಾರ್ ಮೇಷ್ಟ್ರು. ಹೌದು, ನನ್ನನ್ನು ಶಾಲೆ ಬಿಡಿಸಿದ ಮಹಾನುಭಾವರು. ಅಜ್ಜಿಯ ‘ಬಿಳಿ ಕಲ್ಲು’ ಪದ್ಯ ಪಾಠಕ್ಕಿದ್ದಾಗ ಅವರು ಬೋರ್ಡಿನ ಮೇಲೆ ಬರೆಸಿದ್ದು ಏನು ಗೊತ್ತಾ? ‘ಇಲ್ಲಿ ಮಗು ಎಂದರೆ ನಾವು ಕಳೆದುಕೊಂಡ ಭಾಷೆ.’ ನಾನು ಎದ್ದು ನಿಂತು, ‘ಮೇಷ್ಟ್ರೇ, ನಮ್ಮಜ್ಜಿ ಮಗು ಅಂದ್ರೆ ಮಗೂನೇ, ಮೊಸರು ಅಂದ್ರೆ ಮೊಸರೇ’ ಅಂದೆ. ಹೊರಗೆ ನಿಲ್ಲಿಸಿದರು. ಆ ವರ್ಷವೇ ಚೀಲ ಬಿಸಾಕಿ ಫ್ಯಾಕ್ಟರಿಗೆ ಹೋದೆ. ಆಗ ನನಗೇನೂ ಗೊತ್ತಿರಲಿಲ್ಲ ಅಜ್ಜಾ, ಬಾಯಿಗೆ ಬಂದದ್ದು ಅಂದಿದ್ದೆ. ಗೊತ್ತಾದದ್ದು ಮೊನ್ನೆ ಗುರುವಾರ.

ಕೆಲಸ ಮುಗಿಸಿ ಧಕ್ಕೆ ಕಡೆಯಿಂದ ಬರುತ್ತಿದ್ದೆ. ಬೆಂಚು ಮುಗಿದು ಸಿಮೆಂಟು ಒಣಗುತ್ತಿತ್ತು. ಬೆನ್ನು, ಕೈ, ಕಾಲು ಎಲ್ಲಾ ಬಿಳಿ ಕಲ್ಲು, ಬಿಸಿಲಿಗೆ ಹಲ್ಲು ಕಿಸಿದ ಹಾಗೆ ಹೊಳೆಯುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಚೆನ್ನಾಗಿ ಕಂಡಿತು. ಕೂತು ನೋಡೋಣ ಎಂದು ಹೋದೆ. ಅಲ್ಲಿ ಪೆಗ್ ಹ್ಯಾನಫಿನ್ ಮುದುಕಿ ನಿಂತಿದ್ದಳು. ಬೆಂಚಿಗೆ ಕೈ ತಾಗಿಸುತ್ತಾಳೆ, ಎದೆಗೆ ಶಿಲುಬೆ ಗುರುತು ಮಾಡಿಕೊಳ್ಳುತ್ತಾಳೆ, ಮತ್ತೆ ಕೈ ತಾಗಿಸುತ್ತಾಳೆ.

‘ಕೂತ್ಕೋಬೇಡ ಕಣೇ’ ಅಂದಳು. ‘ಯಾಕೆ, ಸಿಮೆಂಟು ಹಸಿನಾ?’ ಅಂದೆ. ‘ಇವು ಕಿಲೀನ್ ಕಲ್ಲು’ ಅಂದಳು.

ಆ ಗುಡ್ಡದ ಮೇಲಿನ, ಯಾರಿಗೂ ಸೇರದ ತುಂಡು ಹೊಲಕ್ಕೆ ಕಿಲೀನ್ ಎನ್ನುತ್ತಾರೆ ಅಂತ ನನಗೆ ಗೊತ್ತಿತ್ತು. ಅಲ್ಲಿ ಯಾರೂ ಉಳುವುದಿಲ್ಲ, ದನ ಬಿಡುವುದಿಲ್ಲ, ಚೆಂಡು ಹೋಗಿ ಬಿದ್ದರೂ ನಮ್ಮನ್ನು ತರಲು ಬಿಡುತ್ತಿರಲಿಲ್ಲ. ಮೆಟ್ಟಿದವರ ದಾರಿ ತಪ್ಪಿಸುವ ಹುಲ್ಲಿದೆ ಎಂದು ಹೆದರಿಸಿದ್ದರು. ಹುಲ್ಲಂತೆ! ಜ್ಞಾನಸ್ನಾನ ಆಗುವ ಮೊದಲೇ ಸತ್ತ ಕೂಸುಗಳು, ಹುಟ್ಟುವಾಗಲೇ ಉಸಿರಿಲ್ಲದ ಕೂಸುಗಳು, ಚರ್ಚಿನ ಮಣ್ಣಿಗೆ ಬೇಡವಾದ ಕೂಸುಗಳು ಅಲ್ಲಿವೆ ಎಂದು ಯಾವನಾದರೂ ಒಂದು ಮಾತು ಹೇಳಿದ್ದಾನಾ? ಅಪ್ಪ ಅನ್ನಿಸಿಕೊಂಡವನು ಸಂಜೆ ಕತ್ತಲಾಗುವ ಹೊತ್ತಿಗೆ ಬೆಣ್ಣೆ ಪೆಟ್ಟಿಗೆಯಲ್ಲಿಟ್ಟು ಒಬ್ಬನೇ ಹೊತ್ತುಕೊಂಡು ಹೋಗಬೇಕಂತೆ. ಪಾದ್ರಿ ಇಲ್ಲ, ಗಂಟೆ ಇಲ್ಲ, ಹೆಸರಿಲ್ಲ. ಮೇಲೊಂದು ಬಿಳಿ ಕಲ್ಲಿಟ್ಟು ಬರಬೇಕಂತೆ. ಹೆತ್ತವಳು ಹಾಸಿಗೆಯಿಂದ ಏಳುವ ಹೊತ್ತಿಗೆ ಎಲ್ಲಾ ಮುಗಿದಿರಬೇಕಂತೆ. ಅವಳಿಗೆ ಜಾಗ ಹೇಳಬಾರದಂತೆ, ಹೇಳಿದರೆ ಅಲ್ಲೇ ಹೋಗಿ ಕೂರುತ್ತಾಳೆ ಎಂದು!

ನಮ್ಮ ಸಮಿತಿಯವರಿಗೆ ಅಜ್ಜಿಯ ಪದ್ಯದಲ್ಲಿ ಬರುವ ಬಿಳಿ ಕಲ್ಲೇ ಬೇಕು ಎಂದಾಯಿತು. ಎಲ್ಲಿ ಸಿಗುತ್ತದೆ ಎಂದು ಹುಡುಕಿದರು, ಆ ಹೊಲದಲ್ಲಿ ಕಂಡವು. ಪಕ್ಕದ ಮನೆಯ ದಿನ್ನಿ ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿ ಬಾಚಿ ತಂದ. ಪಾಪ, ದಿನ್ನಿಗೂ ಗೊತ್ತಿರಲಿಲ್ಲ. ಅಜ್ಜಿಗೆ ಗೌರವ ಮಾಡಲು, ಅಲ್ಲೇ ಮಲಗಿದೆ ಎಂದು ಪೆಗ್ ಹೇಳಿದ ಅಜ್ಜಿಯ ಕೂಸಿನ ತಲೆ ಮೇಲಿನ ಕಲ್ಲನ್ನೇ ಕಿತ್ತು ತಂದು, ಮಂತ್ರಿ ಕುಂಡೆ ಊರಲಿ ಎಂದು ಬೆಂಚು ಮಾಡಿದ್ದಾರೆ. ನರ್ಸಕ್ಕಾ, ಹಾರಿಸಬೇಡಿ ಅಂದಿದ್ದೆ.

ನಾನು ಪೆಗ್ ಮುದುಕಿಯ ಮೇಲೆ ಹರಿಹಾಯ್ದೆ. ‘ಮೀಟಿಂಗ್‌ನಲ್ಲಿ ಕಲ್ಲು ಎಲ್ಲಿಂದ ತರೋದು ಅಂತ ಮಾತಾಗುವಾಗ ನೀವೂ ಅಲ್ಲೇ ಇದ್ರಲ್ವಾ?’

‘ಇದ್ದೆ.’

‘ಏನ್ ಮಾಡ್ತಿದ್ರಿ?’

‘ಬಿಸ್ಕತ್ತು ಹಂಚ್ತಿದ್ದೆ.’

‘ಗೊತ್ತಿತ್ತಲ್ಲ ನಿಮ್ಗೆ!’

‘ನಮ್ ವಯಸ್ಸಿನೋರಿಗೆಲ್ಲ ಗೊತ್ತಿತ್ತು ಕಣೇ. ಯಾರಾದ್ರೂ ಬಾಯಿ ಬಿಡ್ತಾರೆ ಅಂತ ಎಲ್ರೂ ಕಾದ್ವಿ. ಯಾರೂ ಬಿಡ್ಲಿಲ್ಲ. ನಂದೂ ಒಂದಿದೆ ಒರ್ನಾ, ಅಲ್ಲಿ. ಗಂಡುಮಗು. ಯಾವ ಮೂಲೇಲೋ ಗೊತ್ತಿಲ್ಲ. ನಮ್ಮನೆಯೋರು ಹೇಳ್ದೇನೇ ಹೋಗ್ಬಿಟ್ರು.’ ಹಾಗಂದು ನನ್ನ ಕೋಟಿನ ತೋಳು ಹಿಡಿದುಕೊಂಡಳು. ಬೈಯಲು ಹೊರಟವಳು ಅವಳ ಕೈ ಮೇಲೆ ಕೈ ಇಟ್ಟೆ. ಅದಕ್ಕೂ ಸಿಟ್ಟು ಬಂತು.

ಸೀದಾ ಮೇಷ್ಟ್ರ ಮನೆಗೆ ಹೋದೆ. ಬೂಟು ಕೂಡ ಬಿಚ್ಚಲಿಲ್ಲ. ಕೇಳಿ ಅವರ ಮುಖ ಬಿಳಿಚಿಕೊಂಡಿತು. ‘ನಾನು ಲಿಮರಿಕ್ ಕಡೆಯೋನಮ್ಮಾ. ಮೂವತ್ತು ವರ್ಷದಿಂದ ಇಲ್ಲಿದೀನಿ, ಒಬ್ರೂ ಒಂದ್ ಮಾತು ಹೇಳ್ಲಿಲ್ಲ’ ಅಂದರು. ಅದು ಸುಳ್ಳಲ್ಲ. ಒಂದು ಕ್ಷಣ ಪಾಪ ಅನಿಸಿತು. ಅಷ್ಟರಲ್ಲಿ ಕನ್ನಡಕ ಒರೆಸಿಕೊಂಡು, ‘ಆದ್ರೆ ಒಂದ್ ರೀತೀಲಿ ನೋಡು, ಚೆನ್ನಾಗೇ ಆಗಿದೆ. ತಾಯಿ ಹೆಸರಲ್ಲಿ ಮಕ್ಕಳೆಲ್ಲ ಒಂದ್ಕಡೆ ಸೇರಿದ ಹಾಗಾಯ್ತು. ಭಾಷಣದಲ್ಲಿ ಇದನ್ನ ಹೇಳ್ಬೋದು’ ಅಂದರು.

‘ಕಲ್ಲು ವಾಪಸ್ ಹಾಕ್ತೀರೋ ಇಲ್ವೋ?’ ಅಂದೆ.

‘ಸಿಮೆಂಟ್ ಹಾಕಿ ಆಗಿದೆ ಒರ್ನಾ. ಮಂತ್ರಿಗಳ ಕಾರ್ಯಕ್ರಮ. ಆಮೇಲೆ ಸಮಿತಿ ಕೂತು ಯೋಚ್ನೆ ಮಾಡುತ್ತೆ. ಅಂದಹಾಗೆ ಅವತ್ತು ನೀನೇ ಸ್ಯಾಂಡ್‌ವಿಚ್ ಕೊಡ್ಬೇಕು, ಮನೆಯೋರು ಅಂತ ಒಬ್ರು ಇರ್ಲಿ.’

ಆ ಸ್ಯಾಂಡ್‌ವಿಚ್ಚನ್ನು ಎಲ್ಲಿಗೆ ತುರುಕಿಕೊಳ್ಳಬೇಕು ಎಂದು ಹೇಳಿ ಬಂದೆ.

ಇಲ್ಲಿಯವರೆಗೆ ಅವರಿವರಿಗೆ ಬೈದೆ. ಈಗ ನಿನ್ನ ಸರದಿ.

ಪೆಗ್ ಹೇಳಿದಳು, ನಿಮ್ಮ ಮೊದಲನೆಯದು ಹೆಣ್ಣಂತೆ. ಅರವತ್ತೊಂದನೇ ಇಸವಿ, ಚಳಿಗಾಲ. ‘ಟೈಗ್ ತಾನೇ ಹೊತ್ಕೊಂಡು ಹೋದ, ಹಿಂದೆ ಯಾರನ್ನೂ ಬರಗೊಡ್ಲಿಲ್ಲ’ ಅಂದಳು. ಅಂದರೆ ನೀನು. ಅಜ್ಜಿ ನಿನ್ನನ್ನು ಕೇಳಿದಳಂತೆ, ಎಲ್ಲಿಟ್ಟೆ ಎಂದು. ನೀನು ‘ಹೋಗ್ಲಿ ಬಿಡು’ ಅಂದೆಯಂತೆ. ಇದನ್ನು ಅಜ್ಜಿಯೇ ಪೆಗ್ ಹತ್ತಿರ ಹೇಳಿಕೊಂಡಿದ್ದಾಳೆ. ಒಂದೇ ಸಲ ಕೇಳಿದಳಂತೆ. ಆಮೇಲೆ ಬಾಯಲ್ಲಿ ಕೇಳಲಿಲ್ಲ. ಬರೆಯಲು ಕೂತಳು.

ಬಿಳಿ ಕಲ್ಲೇ, ಬಿಳಿ ಕಲ್ಲೇ, ನಿನ್ನ ಕೆಳಗಿರುವುದು ಯಾರು?
ನನ್ನವಳಾದರೆ ಹೇಳು, ಕಂಬಳಿ ತಂದಿದ್ದೇನೆ.

ಇದನ್ನು ದೇಶದ ಮಕ್ಕಳೆಲ್ಲ ಬಾಯಿಪಾಠ ಮಾಡುತ್ತಾರೆ. ಡಬ್ಲಿನ್‌ನಲ್ಲಿ ದೊಡ್ಡವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅವತ್ತು ನೀನು ಮುಂದಿನ ಸಾಲಿನಲ್ಲಿ ಟೋಪಿ ಮೊಣಕಾಲ ಮೇಲಿಟ್ಟುಕೊಂಡು ಕೂತ ಫೋಟೋ ನಮ್ಮ ಅಡುಗೆಮನೆಯಲ್ಲೇ ಇದೆ. ಅವಳು ಕೇಳುತ್ತಿದ್ದದ್ದು ದೇಶವನ್ನಲ್ಲ ಅಜ್ಜಾ, ನಿನ್ನನ್ನು! ಆಲೂಗಡ್ಡೆ ಸಿಪ್ಪೆ ಸುಲಿಯುತ್ತಾ ಅವಳು ಆ ಸಾಲು ಗುನುಗಿದಾಗಲೆಲ್ಲ ನೀನು ರೇಡಿಯೋದಲ್ಲಿ ಹವಾಮಾನ ಹಾಕುತ್ತಿದ್ದೆ, ಇಲ್ಲವೇ ದೋಣಿ ಹಗ್ಗ ನೋಡಿ ಬರುತ್ತೇನೆಂದು ಎದ್ದು ಹೋಗುತ್ತಿದ್ದೆ. ನಿನಗೆ ಪದ್ಯ ಎಂದರೆ ಬೇಜಾರು ಎಂದುಕೊಂಡಿದ್ದೆ ನಾನು. ಒಂದು ಪುಸ್ತಕವಾಯಿತು, ಇನ್ನೊಂದಾಯಿತು, ಪ್ರಶಸ್ತಿ ಬಂತು, ಕೂದಲು ಬೆಳ್ಳಗಾಯಿತು, ಕೊನೆಗೆ ಆಸ್ಪತ್ರೆ ಹಾಸಿಗೆಯಲ್ಲಿ ನಿನ್ನ ಕೈ ಹಿಡಿದುಕೊಂಡೇ ಸತ್ತಳು. ಆವಾಗಲಾದರೂ ಕಿವಿಯಲ್ಲಿ ಹೇಳಬಾರದಿತ್ತಾ? ಇಂಥ ಗೋಡೆ ಪಕ್ಕ, ಇಂಥ ಗಿಡದ ಕೆಳಗೆ ಎಂದು? ಎಷ್ಟು ಮಾತು ಬೇಕಿತ್ತು ಅದಕ್ಕೆ?

ಪಾದ್ರಿ ಹೇಳಬೇಡ ಅಂದಿದ್ದ, ಊರಿನ ಪದ್ಧತಿ ಹಾಗಿತ್ತು, ನಿನಗೂ ಆಗ ಇಪ್ಪತ್ತೈದು ಆಗಿರಲಿಲ್ಲ. ಇದನ್ನೆಲ್ಲ ಪೆಗ್ ಹೇಳಿದಳು. ನಿನ್ನ ಪರವಾಗಿ ವಾದ ಮಾಡಿದಳು ಮುದುಕಿ. ಕೇಳಿಸಿಕೊಂಡೆ. ಸಿಟ್ಟು ಇಳಿಯಲಿಲ್ಲ. ಪಾದ್ರಿ ಸತ್ತು ಎಷ್ಟು ಕಾಲವಾಯಿತು, ಆ ಪದ್ಧತಿಯೂ ಸತ್ತಿತು, ನಿನ್ನ ಬಾಯಿ ಮಾತ್ರ ಇನ್ನೂ ಅವರಿಬ್ಬರ ಸೇವೆಯಲ್ಲೇ ಇದೆ.

ಒಂದು ಕಡೆ ಇದೂ ತಲೆಗೆ ಬರುತ್ತದೆ: ನಿನ್ನ ಹೆಗಲ ಮೇಲೆ ಕೂತೇ ನಾನು ಸಮುದ್ರ ನೋಡಿದ್ದು. ನನಗೆ ಜ್ವರ ಬಂದರೆ ನೀನು ದೋಣಿ ಇಳಿಸುತ್ತಿರಲಿಲ್ಲ. ಅಂಥವನು ಇಂಥದ್ದನ್ನು ಹೇಗೆ ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ ಎಂದು ಯೋಚಿಸಿದರೆ ತಲೆ ಕೆಡುತ್ತದೆ, ಹಾಗಾಗಿ ಯೋಚಿಸುವುದಿಲ್ಲ, ಬೈಯುತ್ತೇನೆ.

ಅಲ್ಲಿಗೆ ಪೆಟ್ಟಿಗೆ ಹೊತ್ತ ಗಂಡಸರಲ್ಲಿ ಉಸಿರಿರುವುದು ಈಗ ನಿನಗೊಬ್ಬನಿಗೇ, ಪೆಗ್ ಎಣಿಸಿ ನೋಡಿದಳು. ನೀನೂ ಹೋದರೆ ಆ ಹೊಲ ಬರೀ ಹುಲ್ಲು. ಇದನ್ನು ಕೇಳಿಯೂ ಗೋಡೆ ಕಡೆ ತಿರುಗಿ ಮಲಗುತ್ತೀಯೋ ಏನೋ, ನಿನಗೇ ಬಿಟ್ಟಿದ್ದು.

ಔಷಧಿ ಬಿಡಬೇಡ. ಕಾಲಿಗೆ ಉಣ್ಣೆ ಕಾಲುಚೀಲ ಹಾಕಿಕೋ, ಹಸಿರು ಚೀಲದಲ್ಲಿ ಕಳಿಸಿದ್ದೆ. ನರ್ಸಕ್ಕನಿಗೆ ನನ್ನ ನಮಸ್ಕಾರ ಹೇಳು, ಈ ಪತ್ರ ಓದಿಸಿದ್ದಕ್ಕೆ ಕ್ಷಮೆಯನ್ನೂ ಕೇಳು.

ಸಿಟ್ಟಿನಿಂದಲೇ, ಆದರೆ ನಿನ್ನವಳೇ ಆದ
ಒರ್ನಾ

ತಾ.ಕ.: ಭಾನುವಾರ ಮಧ್ಯಾಹ್ನ. ಪತ್ರ ಇನ್ನೂ ಡಬ್ಬಿಗೆ ಹಾಕಿರಲಿಲ್ಲ, ಒಳ್ಳೆಯದೇ ಆಯಿತು. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಜನ ಹೊರಬರುವ ಹೊತ್ತಿಗೆ ಧಕ್ಕೆಗೆ ಹೋಗಿ ದೊಡ್ಡ ಸುತ್ತಿಗೆಯಲ್ಲಿ ಬೆಂಚು ಒಡೆಯಲು ಶುರುಮಾಡಿದೆ. ಮೇಷ್ಟ್ರು ಪೊಲೀಸರನ್ನು ಕರೆಯುತ್ತೇನೆಂದು ಕೂಗಿದರು. ಪೆಗ್ ಹ್ಯಾನಫಿನ್ ಬಂದು ನನಗೂ ಅವರಿಗೂ ನಡುವೆ ನಿಂತಳು. ‘ಕರೀರಿ. ಅವ್ರಿಗೂ ನಾನೇ ಹೇಳ್ತೀನಿ ಇವು ಏನಂತ’ ಎಂದು ಊರೆಲ್ಲ ಕೇಳುವ ಹಾಗೆ ಅಂದಳು. ಆಮೇಲೆ ಯಾರೂ ತಡೆಯಲಿಲ್ಲ. ದಿನ್ನಿ ತಾನೇ ಟ್ರ್ಯಾಕ್ಟರ್ ತಂದ. ಕಲ್ಲುಗಳೆಲ್ಲ ಈಗ ಕಿಲೀನ್ ಬಾಗಿಲಲ್ಲಿ ರಾಶಿ ಬಿದ್ದಿವೆ. ಯಾವುದು ಎಲ್ಲಿಯದು ಎಂದು ಯಾರಿಗೂ ಗೊತ್ತಿಲ್ಲ.

ಒಂದು ಮಾತ್ರ ಬಿಳಿಯದಲ್ಲ. ಚಂದ ಕಾಣುವುದಿಲ್ಲವೆಂದು ಬೆಂಚಿನ ಹಿಂಬದಿಗೆ ತುಂಬಿದ್ದರು. ಬೂದು ಕಲ್ಲು, ನಡುವೆ ತೂತು, ಏಡಿ ಬುಟ್ಟಿ ಮುಳುಗಲಿ ಎಂದು ಕಟ್ಟುವಂಥದ್ದು. ಅಂಚಿನಲ್ಲಿ ಮೂರು ಗೀರು, ನಮ್ಮ ದೋಣಿಯ ಗುರುತು. ತೂತಿನೊಳಗೆ ಹಗ್ಗದ ಚೂರು ಇದೆ, ಅರವತ್ತು ವರ್ಷ ಹಳೆಯದಂತೂ ಅಲ್ಲ, ನೀನು ಹಾಕುವ ಗಂಟೇ. ಅವತ್ತು ಊರಿನವರ ಹಾಗೆ ಬಿಳಿ ಕಲ್ಲು ಇಟ್ಟು ಬಂದಿಲ್ಲ ನೀನು. ಮತ್ತೆ ಬಂದರೆ ಗುರುತು ಸಿಗಲಿ ಎಂದು ನಿನ್ನದನ್ನೇ ಇಟ್ಟಿದ್ದೀಯ. ಎಷ್ಟು ಸಲ ಹೋಗಿದ್ದೆ? ಹಗ್ಗ ನೋಡಿ ಬರುತ್ತೇನೆ ಎಂದು ಹೋಗುತ್ತಿದ್ದದ್ದು ಅಲ್ಲಿಗೇನಾ?

ಕಲ್ಲು ತೊಳೆದು ಕಿಟಕಿಯಲ್ಲಿ ಇಟ್ಟಿದ್ದೇನೆ. ಗುರುವಾರ ಬೆಳಿಗ್ಗೆ ದಿನ್ನಿಯ ವ್ಯಾನಿನಲ್ಲಿ ಬರುತ್ತೇನೆ, ಗಾಲಿ ಕುರ್ಚಿ ಹಿಡಿಸುತ್ತದೆ ಎಂದು ಅಳತೆ ಮಾಡಿ ನೋಡಿದ್ದಾನೆ. ಮಾತಾಡಲು ಆಗದಿದ್ದರೆ ಬೇಡ, ಬೆರಳು ತೋರಿಸು ಸಾಕು. ಪೆಗ್ ಕೂಡ ಬರುತ್ತಾಳೆ, ಅವಳ ಮನೆಯವನು ಯಾವ ಮೂಲೆಗೆ ಹೋಗಿದ್ದು ನೋಡಿದ್ದರೆ ಅದನ್ನೂ ನೆನಪು ಮಾಡಿಕೋ. ದಪ್ಪ ಕೋಟು ಹಾಕಿಕೊಂಡು ತಯಾರಾಗಿರು, ಮೇಲೆ ಗಾಳಿ ಜೋರು.