ನೀಲಗಂಗಾ ಮತ ಹಾಕಲಿಲ್ಲ

ಅಕ್ಕಲಕೋಟ
೯ ಫೆಬ್ರವರಿ ೨೦೨೫

ಯೋಗಿರಾಜ ಅವರಿಗೆ, ಶುಭಾಂಗಿಯ ನಮಸ್ಕಾರಗಳು.

ಎರಡು ವರ್ಷದ ಮೇಲೆ ಹೆಂಡತಿಯ ಪತ್ರ ಬಂತೆಂದು ಗಾಬರಿಯಾಗಬೇಡಿ. ಮರಾಠಿಯಲ್ಲಿ ಬರೆದರೆ ಸೋಲಾಪುರದ ನಿಮ್ಮ ಮನೆಯವರೆಲ್ಲ ಓದಿಬಿಡುತ್ತಾರೆ, ಅದಕ್ಕೇ ಕನ್ನಡ. ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿ.

ಚಾದರದ ನಮೂನೆ ಬಿಡಿಸುವ ಆ ಮುಕ್ತ ತಂತ್ರಾಂಶಕ್ಕಾಗಿ ನೀವು ಒಂದೂವರೆ ವರ್ಷದಿಂದ ಪುಕ್ಕಟೆ ದುಡಿಯುತ್ತಿದ್ದೀರಿ. ನೀವು ಕಳಿಸಿದ ತಿದ್ದುಪಡಿಗಳನ್ನು ಪರಿಶೀಲಿಸಿ ಸೇರಿಸುತ್ತಿದ್ದ ನೀಲಗಂಗಾ ನಾನೇ. ಅದು ನನ್ನ ಅಜ್ಜಿಯ ಹೆಸರು. ನಿಮಗೆ ಹೊಳೆಯಲೇ ಇಲ್ಲ.

ಮೊದಲ ಸಲ ನಿಮ್ಮ ಹೆಸರು ಕಂಡಾಗ ತಪ್ಪು ಹುಡುಕಲೆಂದೇ ಕೂತೆ, ಸುಳ್ಳೇಕೆ ಹೇಳಲಿ. ಸಿಕ್ಕಿತು ಕೂಡ, ಅಂಚಿನ ನಮೂನೆ ಎಡಬಲ ಅದಲುಬದಲಾಗಿತ್ತು. ಮನೆಯಲ್ಲಾದರೆ ನೀವು ಹಿಡಿದ ಮೊಲಕ್ಕೆ ಮೂರೇ ಕಾಲು. ನಿಮ್ಮ ಚಾದರದ ಅಂಗಡಿಯಲ್ಲಿ ಇಂಥದ್ದೇ ತಪ್ಪು ತೋರಿಸಿದಾಗ ಗಿರಾಕಿಗಳ ಎದುರೇ "ನಿನಗೇನ್ ತಿಳೀತದ, ಸುಮ್ನ ಕೂಡು" ಅಂದಿರಿ. ಆ ವಾರವೇ ನಾನು ತವರಿನ ಬಸ್ಸು ಹತ್ತಿದೆ. ಆದರೆ ನೀಲಗಂಗಾಳಿಗೆ ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದದ್ದು, "ನೀವು ಅಂದದ್ದು ಖರೆ ಅದರಿ, ತಪ್ಪು ನಂದ. ತಿದ್ದಿ ಕಳಸ್ತೀನಿ." ಓದಿ ಅತ್ತುಬಿಟ್ಟೆ. ಸಿಟ್ಟಿಗೋ ಸಂತೋಷಕ್ಕೋ ನನಗೇ ತಿಳಿಯಲಿಲ್ಲ.

ಈಗ ನಮ್ಮ ಬಳಗದ ಹಿರಿಯ ಉದಯಕುಮಾರ ನಿಮ್ಮನ್ನು ಕಮಿಟರ್ ಮಾಡಬೇಕೆಂದು ಸೂಚಿಸಿದ್ದಾರೆ. ಹಾಗಾದರೆ ಯಾರ ಒಪ್ಪಿಗೆಗೂ ಕಾಯದೆ ನೀವೇ ತಿದ್ದುಪಡಿ ಸೇರಿಸಬಹುದು, ಬೇರೆಯವರದನ್ನೂ ಪರಿಶೀಲಿಸಬಹುದು. ಬರೀ ನಿಮ್ಮ ಜಾಣತನ ನೋಡಿ ಸೂಚಿಸಿದ್ದಲ್ಲ. ದುಧನಿಯ ನೇಕಾರ ಸಾತಲಿಂಗಪ್ಪ ಒಂದೇ ಪ್ರಶ್ನೆ ಆರು ಸಲ ಕೇಳಿದರೂ ಆರು ಸಲವೂ ಸಮಾಧಾನದಿಂದ ತಿಳಿಸಿಕೊಟ್ಟಿರಿ. ಯಾರೂ ಮೈಮೇಲೆ ಹಾಕಿಕೊಳ್ಳದ ಕೈಪಿಡಿಯನ್ನು ಕೂತು ಬರೆದಿರಿ. ಆ ತಾಳ್ಮೆಯಲ್ಲಿ ಅರ್ಧ ನನ್ನ ಪಾಲಿಗೆ ಬಂದಿದ್ದರೂ ಸಾಕಿತ್ತು.

ನಿಮ್ಮ ಕೆಲಸವನ್ನೆಲ್ಲ ನೋಡಿದವಳು ನೀಲಗಂಗಾ ಎಂದು ಎಲ್ಲರೂ ನನ್ನ ಮತಕ್ಕೇ ಕಾದಿದ್ದರು. ಹೌದು ಅಂದಿದ್ದರೆ ನಿನ್ನೆಯೇ ಮುಗಿಯುತ್ತಿತ್ತು. ಕೈ ಬರಲಿಲ್ಲ. ಹೆಂಡತಿಯೇ ಪಾಸು ಮಾಡಿದಳೆಂದು ಮುಂದೆ ಗೊತ್ತಾದರೆ ನಿಮ್ಮ ದುಡಿಮೆಯೆಲ್ಲ ನೀರುಪಾಲು. ಇದ್ದದ್ದು ಹೇಳಿ ಮತದಿಂದ ಹಿಂದೆ ಸರಿದೆ. ಉದಯಕುಮಾರರ ಒಪ್ಪಿಗೆ ಪಡೆದೇ ನಿಮಗೆ ಇದನ್ನು ತಿಳಿಸುತ್ತಿದ್ದೇನೆ. ಇನ್ನು ನಿಮ್ಮ ಮೂವತ್ತೆಂಟು ತಿದ್ದುಪಡಿಗಳನ್ನು ಬೇರೆಯವರು ಮತ್ತೆ ಮೊದಲಿನಿಂದ ನೋಡುತ್ತಾರೆ. ತಿಂಗಳು ತಡವಾಗಬಹುದು, ನೀವು ಕಮಿಟರ್ ಆಗದೆಯೂ ಹೋಗಬಹುದು.

ಬೈಯುವುದಿದ್ದರೆ ನನ್ನನ್ನು ಬೈಯಿರಿ, ಕೆಲಸ ಮಾತ್ರ ಬಿಡಬೇಡಿ. ನಿಮ್ಮ ಒಂದೊಂದು ಸಾಲನ್ನೂ ಓದಿದ್ದೇನೆ. ನೀವು ಅದಕ್ಕೆ ಯೋಗ್ಯರು.

ಇಂತಿ,
ಶುಭಾಂಗಿ

ತಾ.ಕ.: ಹಿಂದೆ ಸರಿಯುವವರು ತಮಗೆ ಆ ವ್ಯಕ್ತಿ ಏನಾಗಬೇಕೆಂದು ಬಳಗಕ್ಕೆ ಬರೆದು ತಿಳಿಸಬೇಕು. 'ನನ್ನ ಗಂಡ, ಈಗ ಬೇರೆ ಇದ್ದೇವೆ' ಎಂದು ಬರೆದೆ. ಕಳಿಸುವ ಮೊದಲು 'ಈಗ ಬೇರೆ ಇದ್ದೇವೆ' ಎಂಬುದನ್ನು ಅಳಿಸಿದೆ.