ಅಪ್ಪನ ಕಬ್ಬಿಣದ ಶಿಲುಬೆ

ಲ್ಯೂಡೆನ್‌ಶೈಡ್,
೨೦ ಸೆಪ್ಟೆಂಬರ್ ೧೯೯೮

ಪ್ರೀತಿಯ ತಮ್ಮ ಹೆನಿಂಗ್,

ಬ್ರೆಮೆನ್ನಿನಲ್ಲಿ ನೀವೆಲ್ಲ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಮಗಳ ಮದುವೆಯ ಕಾಗದ ಬಂದು ಬೇಸಿಗೆಯೇ ಕಳೆಯಿತು, ನಾನು ಉತ್ತರ ಬರೆಯಲಿಲ್ಲ. ಬೈದುಕೋ, ಆದರೆ ಇದನ್ನು ಪೂರ್ತಿ ಓದು. ನಿನ್ನ ಅತ್ತಿಗೆ ರೋಸ್‌ವಿತಾ ಪ್ಲಮ್ ಹಣ್ಣಿನ ಕೇಕು ತಿನ್ನಿಸಿ ತಿನ್ನಿಸಿ ಗಂಡನನ್ನು ಪೀಪಾಯಿ ಮಾಡಿದ್ದಾಳೆ. ಅಪ್ಪನಿಗೆ ಮಂಡಿನೋವು, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ನಿನ್ನೆ ರಾತ್ರಿ ನಿದ್ದೆ ಮಾಡಿಲ್ಲ.

ಊಟದ ಕೋಣೆಯ ಗೋಡೆಯಲ್ಲಿದ್ದ ಕಬ್ಬಿಣದ ಶಿಲುಬೆಯನ್ನು ನೀನು ಮರೆತಿರಲಾರೆ. ರಷ್ಯಾದ ಹಿಮದಲ್ಲಿ ಗಾಯಗೊಂಡ ಗೆಳೆಯನನ್ನು ಹೊತ್ತು ತಂದದ್ದಕ್ಕೆ ಅಪ್ಪನಿಗೆ ಸೇನೆ ಕೊಟ್ಟ ಪದಕ. ನಡುವಿನ, ಯುದ್ಧದ ನಂತರ ನಿಷೇಧವಾದ ಸ್ವಸ್ತಿಕದ ಮೇಲೆ ಅಮ್ಮ ಕಪ್ಪು ಕಾಗದ ಅಂಟಿಸಿದ್ದಳು. ಕಡ್ಡಾಯ ಸೈನ್ಯಸೇವೆಯ ಕರೆ ಬಂದಾಗ, ಸೈನ್ಯಕ್ಕೆ ಹೋಗುವುದಿಲ್ಲ, ಬಂದೂಕು ಮುಟ್ಟುವುದಿಲ್ಲ, ಬೇಕಾದರೆ ಆಸ್ಪತ್ರೆಯಲ್ಲಿ ದುಡಿಯುತ್ತೇನೆ ಎಂದು ನೀನು ಹೇಳಿದ ದಿನ ಅಪ್ಪ ಅದರತ್ತಲೇ ಕೈ ತೋರಿಸಿದ್ದರು. "ಅದು ಇರೋ ಮನೇಲಿ ಹೇಡಿಗೆ ಊಟ ಇಲ್ಲ. ಏಳು!" ಸೂಪಿನ ತಟ್ಟೆ ಬಿಟ್ಟು ಎದ್ದವನು ನೀನು ಮತ್ತೆ ಆ ಮೇಜಿಗೆ ಬರಲಿಲ್ಲ. ಅಮ್ಮನನ್ನು ಮಣ್ಣು ಮಾಡಿದಾಗಲೂ ಸ್ಮಶಾನದ ಗೇಟಿನಿಂದಲೇ ತಿರುಗಿ ಹೋದೆ.

ನನಗೆ ಪದಕಗಳ ಹುಚ್ಚು ಹತ್ತಿದ್ದೂ ಆ ಶಿಲುಬೆಯಿಂದಲೇ. ಈಗ ಸಂತೆಗಳಲ್ಲಿ ನನ್ನನ್ನು ಕಂಡರೆ ವ್ಯಾಪಾರಿಗಳು, "ಎಕಾರ್ಟ್ ಬಂದ, ನಕಲಿ ಮಾಲು ಮುಚ್ಚಿಟ್ಕೊಳ್ರಪ್ಪ!" ಎಂದು ನಗುತ್ತಾರೆ. ನಮ್ಮೂರಿನ ಒಂದು ಕಾರ್ಖಾನೆಯಲ್ಲಿ ಈ ಪದಕ ಒತ್ತುತ್ತಿದ್ದ ಅಚ್ಚು ಯುದ್ಧ ಮುಗಿದ ಮೇಲೆ ಬಿರುಕು ಬಿಟ್ಟಿತ್ತು. ಬೆಳ್ಳಿಯ ಅಂಚಿನ ಕೆಳತುದಿಯಲ್ಲಿ ಆ ಬಿರುಕು ಕೂದಲೆಳೆಯಷ್ಟು ಕಂಡರೂ ಸಾಕು, ಆ ಶಿಲುಬೆ ಯುದ್ಧವನ್ನೇ ಕಂಡಿಲ್ಲ ಎಂದರ್ಥ. ಇದನ್ನು ಮೊದಲು ಪತ್ತೆ ಹಚ್ಚಿದವನು ನಾನು. ಗಂಡನ ಪದಕ ನಕಲಿ ಎಂದು ತಿಳಿದು ಎಷ್ಟು ಮುದುಕಿಯರು ನನ್ನೆದುರು ಅತ್ತಿದ್ದಾರೋ!

ನಿನ್ನೆ ಗೋಡೆಗೆ ಬಣ್ಣ ಹೊಡೆಯಲೆಂದು ಗೆಳೆಯ ಫೋಲ್ಕ್‌ಮಾರ್ ಬಂದಿದ್ದ. ಅವನೂ ನನ್ನಂತೆ ಪದಕದ ಹುಚ್ಚ. ಶಿಲುಬೆಯ ಚೌಕಟ್ಟು ಇಳಿಸುವಾಗ ಗಾಜು ಒಡೆದು ಅದು ಅವನ ಅಂಗೈಗೆ ಬಿತ್ತು. ಚಾಳಿ ಬಿಡುತ್ತದೆಯೇ? ಜೇಬಿನಿಂದ ಭೂತಗನ್ನಡಿ ತೆಗೆದ. ನೋಡಿ, ಅದನ್ನೂ ಶಿಲುಬೆಯನ್ನೂ ನನ್ನ ಕೈಗಿಟ್ಟ.

"ಏನೋ?" ಎಂದೆ.

"ನೀನೇ ನೋಡು ಮಾರಾಯ. ನನ್ನ ಬಾಯಲ್ಲಿ ಹೇಳಿಸ್ಬೇಡ."

ನೋಡಿದೆ. ಅದೇ ಬಿರುಕು. ಪದಕ ಕೊಳ್ಳು, ಅದರ ಜೊತೆ ಹೇಳುವ ಕತೆ ಕೊಳ್ಳಬೇಡ ಎನ್ನುವುದು ನಮ್ಮ ಸಂಗ್ರಾಹಕರ ಮೊದಲ ಪಾಠ. ಊರವರ ಪದಕವನ್ನೆಲ್ಲ ತಿರುಗಿಸಿ ನೋಡಿದ ನಾನು ಮನೆಯದನ್ನು ಒಮ್ಮೆಯೂ ಕೆಳಗಿಳಿಸಿರಲಿಲ್ಲ. ಇಳಿಸಬೇಕೆಂದು ಹೊಳೆಯಲೂ ಇಲ್ಲ.

ಅಪ್ಪ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಶಿಲುಬೆಯನ್ನು ತಟ್ಟೆಯ ಪಕ್ಕ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಇಷ್ಟು ವರ್ಷ ಬೇಕಾಯ್ತಾ ನಿಂಗೆ? ದೊಡ್ಡ ಪರೀಕ್ಷಕ!" ಎಂದರು.

ಯುದ್ಧ ಮುಗಿದ ಮೇಲೆ ಅಪ್ಪ ಮತ್ತು ಜೊತೆಗಾರರು ಆ ಕಾರ್ಖಾನೆಯಲ್ಲಿ ಉಳಿದ ಚೂರುಗಳಿಗೆ ಅದೇ ಅಚ್ಚಿನಲ್ಲಿ ಹೊಸ ಅಂಚು ಒತ್ತಿ ಜೋಡಿಸಿ ಬ್ರಿಟಿಷ್ ಸಿಪಾಯಿಗಳಿಗೆ ಮಾರುತ್ತಿದ್ದರಂತೆ. "ಅವ್ರಿಗೆ ಊರಿಗೆ ಒಯ್ಯೋಕೆ ನೆನಪಿನ ಸಾಮಾನು ಬೇಕಿತ್ತು, ನಮಗೆ ಸಿಗರೇಟು ಬೇಕಿತ್ತು. ಒಂದನ್ನ ನಾನೇ ಇಟ್ಕೊಂಡೆ."

"ಮತ್ತೆ ಆ ಹಿಮ? ಹೊತ್ತು ತಂದ ಗೆಳೆಯ?"

"ಕಾಫಿ ಆರಿಹೋಯ್ತು," ಎಂದು ಎದ್ದು ಕೋಣೆಯ ಬಾಗಿಲು ಹಾಕಿಕೊಂಡರು.

ಹೆನಿಂಗ್, ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಜೋಡಿಸಿದ ಚೂರುಗಳ ಮುಂದೆ ನಿನ್ನನ್ನು ಹೇಡಿ ಎಂದರಲ್ಲ! ನಿನ್ನ ಮಗಳು, ಅಳಿಯ ನೂರು ಕಾಲ ನಗುತ್ತಾ ಬಾಳಲಿ. ನಿನ್ನ ಮನೆಯ ಮೇಜಿನಿಂದ ಯಾರೂ ಹಸಿದು ಏಳದಿರಲಿ.

ನಿನ್ನ ಅಣ್ಣ,
ಎಕಾರ್ಟ್

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು ಎದುರು ಕುಳಿತರು. ಯುದ್ಧದ ಕೊನೆಯ ಚಳಿಗಾಲದಲ್ಲಿ ಅವರು ಬಂದೂಕನ್ನು ರೈನ್ ನದಿಗೆ ಎಸೆದು ಓಡಿಬಂದಿದ್ದರಂತೆ. ಅಜ್ಜಿ ಅವರನ್ನು ನೆಲಮಾಳಿಗೆಯಲ್ಲಿ, ಆಲೂಗಡ್ಡೆಯ ರಾಶಿಯ ಹಿಂದೆ ಬಚ್ಚಿಟ್ಟಿದ್ದಳಂತೆ. "ಸಿಕ್ಕಿಬಿದ್ದಿದ್ರೆ ಮರಕ್ಕೆ ನೇತುಹಾಕ್ತಿದ್ರು. ಆಮೇಲೂ ಊರಲ್ಲಿ ಓಡಿಹೋದವ್ನಿಗೆ ಯಾರು ಮರ್ಯಾದೆ ಕೊಡ್ತಿದ್ರು? ಶಿಲುಬೆ ಇತ್ತು, ಯಾರೂ ಕೇಳ್ಲಿಲ್ಲ," ಎಂದರು. ಹಾಗಾದರೆ ಹೆನಿಂಗ್‌ನನ್ನು ಯಾಕೆ ಓಡಿಸಿದಿರಿ ಎಂದು ಕೂಗಿಬಿಟ್ಟೆ. "ನಾನು ಕದ್ದು ಮಾಡಿದ್ದನ್ನ ಅವನು ಎಲ್ಲರ ಮುಂದೆ ತಲೆ ಎತ್ತಿ ಹೇಳ್ದ. ಆ ಮುಖಾನ ದಿನಾ ನೋಡೋಕೆ ನನ್ನಿಂದ ಆಗ್ತಿರ್ಲಿಲ್ಲ ಕಣೋ." ಇದನ್ನು ನಿನಗೆ ಬರೆ ಎಂದವರು ಅವರೇ. ಬಾ ಎಂದು ಬರೆಯಲೇ ಎಂದು ಕೇಳಿದೆ. ಅವರು ಎದ್ದು ಕಪಾಟಿನಿಂದ ಒಂದು ಸೂಪಿನ ತಟ್ಟೆ ತೆಗೆದು, ಊಟದ ಮೇಜಿನಲ್ಲಿ ನೀನು ಕೂರುತ್ತಿದ್ದ ಜಾಗದಲ್ಲಿಟ್ಟರು.