ಒರೆಸದೆ ಬಿಟ್ಟ ಎಂಜಿನ್

ಜೂನ್ ೩, ಬೆಳಿಗ್ಗೆ

ಎಂದಿನಂತೆ ಗ್ಯಾರೇಜ್ ಶೆಡ್ಡಿನಲ್ಲಿ ಎಲ್ಲರಿಗೂ ನಮಸ್ಕರಿಸಿ, ವಿದ್ಯೆ ಕೊಟ್ಟ ಹಿರಿಯರನ್ನು ನೆನೆದು, ಕೆಲಸ ಹಂಚುತ್ತಿದ್ದೆ. ಅಷ್ಟರಲ್ಲೇ ಆ ಹಳೆಯ ಡೀಸೆಲ್ ಕಾರು ಮತ್ತೆ ಗೇಟಿನೊಳಗೆ. ಅದರ ಒಡತಿ ನರ್ಸಮ್ಮ ಮೂಗು ಮುಚ್ಚಿಕೊಂಡೇ ಇಳಿದರು.

"ಮೇಷ್ಟ್ರೇ, ಏಸಿ ಹಾಕಿದ್ರೆ ಡೀಸೆಲ್ ವಾಸನೆ, ಹಾಕದಿದ್ರೆ ಬೇಯ್ತೀನಿ. ಪೇಶೆಂಟ್‌ಗಳೇ ನನ್ನ ಕಂಡ್ರೆ ದೂರ ಸರೀತಾರೆ."

ನನ್ನ ಬಳಿ ಕೆಲಸ ಕಲಿಯುತ್ತಿರುವ ಕಿಡಿ ತಲೆ ತಗ್ಗಿಸಿದಳು. ಅದು ಅವಳ ಚುರುಕು ಕಂಡು ನಾನಿಟ್ಟ ಅಡ್ಡಹೆಸರು. ಅವಳೊಬ್ಬಳೇ ವಹಿಸಿಕೊಂಡ ಮೊದಲ ಗಾಡಿ ಇದು. ಶೆಡ್ಡಿನ ಯಜಮಾನರು ಅಲ್ಲೇ ತೀರ್ಪಿತ್ತರು: "ಇನ್ನೊಂದ್ಸಲ ವಾಪಸ್ ಬಂದ್ರೆ ಈ ಹುಡುಗಿ ಎಂಜಿನ್ ಮುಟ್ಟೋದು ಬೇಡ. ಗಾಡಿ ವಾಷಿಂಗ್‌ಗೆ ಹಾಕಿ."

ಜೂನ್ ೪

ಏಸಿಯೊಳಗೆ ಹೊರಗಾಳಿ ಬರದಂತೆ ತಡೆಯುವ ಮುಚ್ಚಳ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಕಿಡಿ ಸರಿಪಡಿಸಿದಳು. ಫಿಲ್ಟರ್ ಬದಲಿಸಿದಳು. ವಾಸನೆ ತಗ್ಗಿತು... ಹೋಗಲಿಲ್ಲ. ಎಲ್ಲೋ ಡೀಸೆಲ್ ಒಸರುತ್ತಿದೆ. ಎಂಜಿನ್ ನೋಡಿದರೆ ಥಳಥಳ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು.

ಜೂನ್ ೭

ಬರೆಯುವ ಮನಸ್ಸಿರಲಿಲ್ಲ. ಯಜಮಾನರು ಕಿಡಿಯ ಟೂಲ್ ಬಾಕ್ಸ್ ಪಕ್ಕದಲ್ಲಿ ಗಾಡಿ ತೊಳೆಯುವ ಬಕೆಟ್ ಇಟ್ಟು ಹೋಗಿದ್ದಾರೆ.

"ನಾನು ಅದಕ್ಕೇ ಲಾಯಕ್ಕು ಬಿಡಿ ಮೇಷ್ಟ್ರೇ."

"ಬಾಯ್ಮುಚ್ಚು" ಎಂದೆ. ಗದರಬಾರದಿತ್ತು.

ಸಂಜೆ, ನೆಗ್ಗಿದ ಗಾಡಿಗಳನ್ನು ಸರಿಮಾಡುವ ಡೆಂಟರ್ ಅಣ್ಣ ಡೀಸೆಲ್ ಅದ್ದಿದ ಬಟ್ಟೆ ಹಿಡಿದು ಬಂದ. ಕೊಳೆ ಎಂಜಿನ್ ಬಿಟ್ಟು ಮನೆಗೆ ಹೋಗುವುದು ನಮ್ಮ ಶೆಡ್ಡಿಗೆ ಅವಮಾನ, ದಿನವೂ ಒರೆಸಲೇಬೇಕು. ಕಿಡಿ ದಿಢೀರನೆ ಅವನ ಕೈ ಹಿಡಿದಳು.

"ಅಣ್ಣಾ, ನಿಲ್ಸಿ. ದಿನಾ ಒರೆಸಿದ್ರೆ ಸೋರಿದ ಗುರುತು ಎಲ್ಲಿ ಉಳಿಯುತ್ತೆ? ಸಾಲದ್ದಕ್ಕೆ ನಾವೇ ಡೀಸೆಲ್ ಬಳೀತಿದೀವಿ."

"ಒರೆಸ್ದೆ ಹೋದ್ರೆ ಯಜಮಾನ್ರು ನನ್ನ ತೊಳೀತಾರಮ್ಮ."

ನಾನು ಬಟ್ಟೆ ಇಸಿದುಕೊಂಡೆ. ಎಂಜಿನ್ನನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಸೋರಿದರೆ ಗುರುತು ಮೂಡಲೆಂದು ಮೇಲೆಲ್ಲ ಟಾಲ್ಕಂ ಪೌಡರ್ ಉದುರಿಸಿದೆವು.

ಜೂನ್ ೮, ಮಧ್ಯಾಹ್ನ

ಒಂದು ಸುತ್ತು ಓಡಿಸಿ ತಂದು ಬಾನೆಟ್ ಎತ್ತಿದೆವು. ಬಿಳಿಯ ಪೌಡರಿನ ನಡುವೆ ಒಂದೇ ಒಂದು ಒದ್ದೆ ಗೆರೆ — ಮಿಕ್ಕ ಡೀಸೆಲ್ ಟ್ಯಾಂಕಿಗೆ ಹಿಂದಿರುಗುವ ಸಣ್ಣ ಪೈಪಿನ ಬುಡದಿಂದ. ಬಿಸಿ ಎಂಜಿನ್ ಮೇಲೆ ಜಿನುಗಿ, ಆವಿಯಾಗಿ, ಏಸಿಯ ದಾರಿಯಲ್ಲಿ ಒಳನುಗ್ಗುತ್ತಿತ್ತು.

ಯಜಮಾನರು ಬಗ್ಗಿ ನೋಡಿದರು. "ಏನ್ರೀ ಇದು, ಎಂಜಿನ್‌ಗೂ ಸಿಂಗಾರನಾ?"

"ಪೌಡರ್ ಹಾಕಿದ್ಮೇಲೇ ಸಾರ್ ಕಣ್ಣೀರು ಕಾಣಿಸಿದ್ದು" ಎಂದಳು ಕಿಡಿ.

ಅವರು ನಗಲಿಲ್ಲ. ಪೈಪು ತರಿಸಲು ಮಾತ್ರ ಹೇಳಿ ಹೋದರು. ಬಕೆಟ್ ಇದ್ದಲ್ಲೇ ಇತ್ತು.

ಇದೀಗ ಪೈಪು ಬಂತು. ಕಿಡಿಗೆ ಕೈ ಎಟುಕುತ್ತಿಲ್ಲ. ಆ ಬಕೆಟ್ಟನ್ನೇ ಬೋರಲು ಹಾಕಿ, ಮೇಲೆ ಹತ್ತಿ ನಿಂತಿದ್ದಾಳೆ.

"ಮೇಷ್ಟ್ರೇ, ಬರೆದಿದ್ದು ಸಾಕು, ಟಾರ್ಚ್ ಹಿಡೀರಿ. ಶುರು ಮಾಡೋಣ" —